ಕೊನೆಯ ನೋಟಿಸ್ ಕೊಡುವ ಮೊದಲು

ಪ್ರಶ್ನೆ: ನಾನು ಒಂದು ಸಪೋರ್ಟೆಡ್ ಹೌಸಿಂಗ್‌ನಲ್ಲಿ, ಅಂದರೆ ಸಿಬ್ಬಂದಿಯ ನೆರವಿನೊಂದಿಗೆ ಜನ ಬಾಡಿಗೆಗಿರುವ ಮನೆಯಲ್ಲಿ, ಶಿಫ್ಟ್ ಮೇಲ್ವಿಚಾರಕಿ. ಎಂಟು ಜನ ನಿವಾಸಿಗಳಿದ್ದಾರೆ, ಒಬ್ಬೊಬ್ಬರಿಗೂ ಒಂದು ಕೋಣೆ, ಅಡುಗೆಮನೆ ಮತ್ತು ಹಾಲ್ ಎಲ್ಲರಿಗೂ ಸೇರಿದ್ದು. ಅವರಲ್ಲಿ ಒಬ್ಬರಿಗೆ ಐವತ್ತರ ಹತ್ತಿರ ವಯಸ್ಸು. ಸ್ಕಿಜೋಫ್ರೇನಿಯಾ ಇದೆ, ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ದಿನಾ ಕುಡಿಯುತ್ತಾರೆ. ಹಿಂದೆ ಅಪಘಾತದಲ್ಲಿ ತಲೆಗೆ ಜೋರು ಪೆಟ್ಟು ಬಿದ್ದಿತ್ತಂತೆ. ರಾತ್ರಿ ಕೂಗಾಡುತ್ತಾರೆ. ಡಾಕ್ಟರ್ ಹತ್ತಿರ ಹೋಗುವುದಿಲ್ಲ. ಬಾಡಿಗೆ ಬಾಕಿ ಇದೆ, ಕೋಣೆ ತುಂಬ ಕಸ. ಮೂರು ಸಲ ಲಿಖಿತ ಎಚ್ಚರಿಕೆ ಕೊಟ್ಟಾಯಿತು. ಪಕ್ಕದ ಕೋಣೆಯವರು ಹೆದರಿದ್ದಾರೆ. ಸಿಬ್ಬಂದಿಯಲ್ಲೂ ಎರಡು ಪಂಗಡ ಆಗಿದೆ. "ಕುಡಿತ ಬಿಟ್ಟರೆ ಇರಲಿ, ಇಲ್ಲದಿದ್ದರೆ ಕೋಣೆ ಖಾಲಿ ಮಾಡಲಿ" ಅಂತ ಕೊನೆಯ ನೋಟಿಸ್ ಕೊಡೋಣ ಎನ್ನುತ್ತಿದ್ದಾರೆ ಮ್ಯಾನೇಜರ್. ಏನು ಮಾಡಲಿ?

ಉತ್ತರ: ಆ ನೋಟಿಸ್ ಸದ್ಯಕ್ಕೆ ಬೇಡ. "ಕುಡಿತ ಬಿಟ್ಟರೆ" ಅನ್ನುವ ಷರತ್ತಂತೂ ಬೇಡವೇ ಬೇಡ. ಕನಿಕರಕ್ಕೆ ಹೇಳುತ್ತಿಲ್ಲ. ದಿನಾ ಕುಡಿಯುವವರು ನಿಮ್ಮ ನೋಟಿಸಿಗೆ ಹೆದರಿ ಒಂದೇ ಏಟಿಗೆ ಕುಡಿತ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಕೊನೆಯ ಸಲ ಕುಡಿದ ಆರೇಳು ಗಂಟೆಗೇ ಕೈ ನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಕೆಲವರಿಗೆ ಪೂರ್ತಿ ಭ್ರಮೆ ಹಿಡಿಯುತ್ತದೆ, ಎಲ್ಲಿದ್ದೇನೆ ಅನ್ನುವುದೂ ಗೊತ್ತಾಗುವುದಿಲ್ಲ. ಇದಕ್ಕೆ ಆಸ್ಪತ್ರೆಯೇ ಬೇಕು. ಹಾಗಾಗಿ ಕುಡಿತ ಬಿಡುವುದು ಡಾಕ್ಟರ್ ಜೊತೆ ಕೂತು ಯೋಜನೆ ಮಾಡಿ ಮಾಡಬೇಕಾದ ಕೆಲಸ. ಬಾಡಿಗೆ ಕರಾರಿನ ಷರತ್ತಾಗಿ ಅದನ್ನು ಹಾಕಲು ಬರುವುದಿಲ್ಲ.

ನನ್ನ ಪ್ರಕಾರ ನಿಮ್ಮಲ್ಲಿ ನಡೆಯುತ್ತಿರುವ ಅರ್ಧ ಜಗಳಕ್ಕೆ ಕಾರಣ, ಮನೆ ಮತ್ತು ಚಿಕಿತ್ಸೆ ಎರಡನ್ನೂ ಒಂದೇ ಗಂಟು ಹಾಕಿರುವುದು. ಬಾಡಿಗೆ, ರಾತ್ರಿಯ ಗಲಾಟೆ, ಸಾಮಾನು ಹಾಳು ಮಾಡುವುದು ಮನೆಗೆ ಸಂಬಂಧಿಸಿದ್ದು. ಅದು ಯಾವ ಬಾಡಿಗೆದಾರರಿಗಾದರೂ ಒಂದೇ. ಮಾತ್ರೆ, ಕುಡಿತ, ಆಸ್ಪತ್ರೆ ಅವರ ದೇಹಕ್ಕೆ, ಮನಸ್ಸಿಗೆ ಸಂಬಂಧಿಸಿದ್ದು. ಮಾತ್ರೆ ನುಂಗಿದ್ದಕ್ಕೆ ಕೋಣೆ ಕೊಡುವುದು, ಕುಡಿದದ್ದಕ್ಕೆ ಕಿತ್ತುಕೊಳ್ಳುವುದು ಅಂತ ಶುರುವಾದರೆ ಅವರು ಕಲಿಯುವುದು ಒಂದೇ, ನಿಮ್ಮ ಹತ್ತಿರ ಮುಚ್ಚಿಡುವುದನ್ನು. ಆಮೇಲೆ ಎಷ್ಟು ಕುಡಿದರು, ಇನ್ಸುಲಿನ್ ಯಾವಾಗ ಚುಚ್ಚಿಕೊಂಡರು ಅಂತ ನಿಮಗೆ ನಿಜ ಗೊತ್ತಾಗುವುದೇ ಇಲ್ಲ.

ಇದು ಹೊಸ ಮಾತೇನಲ್ಲ. ಮೊದಲು ನಶೆ ಬಿಡಿ, ಮಾತ್ರೆ ಸರಿಯಾಗಿ ತಗೊಳ್ಳಿ, ಹಾಸ್ಟೆಲಿನಲ್ಲಿ ಒಳ್ಳೆಯ ಹೆಸರು ತಗೊಳ್ಳಿ, ಆಮೇಲೆ ಮನೆ ಅನ್ನುವುದು ಹಳೇ ಕ್ರಮ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಪಾತ್‌ವೇಸ್ ಟು ಹೌಸಿಂಗ್ ಅನ್ನುವ ಸಂಸ್ಥೆ ಕಟ್ಟಿ ಅದನ್ನು ತಿರುಗಿಸಿಬಿಟ್ಟರು. ಮೊದಲು ಮನೆ, ಉಳಿದದ್ದು ಆಮೇಲೆ, ಅದೂ ಆ ವ್ಯಕ್ತಿ ಒಪ್ಪಿದಷ್ಟು. ಇದಕ್ಕೇ ಹೌಸಿಂಗ್ ಫಸ್ಟ್ ಅನ್ನುವ ಹೆಸರು ಬಂತು. ಕೆನಡಾದಲ್ಲಿ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಮನೆಯಿಲ್ಲದ, ಮಾನಸಿಕ ಕಾಯಿಲೆ ಇರುವ 2,000ಕ್ಕೂ ಹೆಚ್ಚು ಜನರ ಜೊತೆ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದರು. ಅಧ್ಯಯನದ ಕೊನೆಯ ಆರು ತಿಂಗಳು ನೋಡಿದರೆ, ಹೌಸಿಂಗ್ ಫಸ್ಟ್ ಗುಂಪಿನಲ್ಲಿ ಶೇ. 62 ಜನ ಅಷ್ಟೂ ದಿನ ಮನೆಯಲ್ಲೇ ಉಳಿದಿದ್ದರು. ಮಾಮೂಲಿ ಸೇವೆ ಸಿಕ್ಕವರಲ್ಲಿ ಶೇ. 31 ಮಾತ್ರ.

ಆದರೆ ಇದನ್ನು ಪವಾಡದ ಥರ ಮಾರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕುಡಿತ, ನಶೆ, ಕಾಯಿಲೆಯ ಲಕ್ಷಣ ಇವುಗಳಲ್ಲಿ ಎರಡೂ ಗುಂಪಿನ ನಡುವೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮನೆ ಕೊಟ್ಟರೆ ಮನೆ ಉಳಿಯುತ್ತದೆ. ಕಾಯಿಲೆಗೆ ಬೇರೆ ಕೆಲಸ ಮಾಡಲೇಬೇಕು. ಇನ್ನೊಂದು, ಆ ಮಾದರಿಯಲ್ಲಿ ಜಾಸ್ತಿ ಜನರಿಗೆ ಊರೊಳಗೆ ಬೇರೆ ಬೇರೆ ಕಡೆ ಪ್ರತ್ಯೇಕ ಬಾಡಿಗೆ ಮನೆ ಸಿಗುತ್ತದೆ. ನಿಮ್ಮದು ಎಂಟು ಜನರ ಮನೆ, ಪಕ್ಕದ ಗೋಡೆಯ ಆಚೆ ಇನ್ನೊಬ್ಬರು ಮಲಗಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಲೆಯ ಪೆಟ್ಟು. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ನನಗೆ ಅದೇ ಮುಖ್ಯ ಅನಿಸಿತು. ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವರು ಚೆನ್ನಾಗಿಯೇ ಮಾತಾಡುತ್ತಾರೆ, ನೀವು ಹೇಳಿದ್ದಕ್ಕೆ ಹೂಂ ಅನ್ನುತ್ತಾರೆ, ನಾಳೆ ಖಂಡಿತ ಬರುತ್ತೇನೆ ಅನ್ನುತ್ತಾರೆ. ಬರುವುದಿಲ್ಲ. ಸುಳ್ಳು ಹೇಳಿದ್ದಲ್ಲ ಅದು. ಕೆಲಸ ಶುರು ಮಾಡುವುದು, ಒಂದಾದ ಮೇಲೊಂದು ಹೆಜ್ಜೆ ಇಡುವುದು, ಸಿಟ್ಟು ಬಂದಾಗ ಒಂದು ಕ್ಷಣ ತಡೆದುಕೊಳ್ಳುವುದು, ಇವೇ ಕೈಕೊಟ್ಟಿರುತ್ತವೆ. ಮಾತು ಸರಿ ಇರುವುದರಿಂದ ನೋಡುವವರಿಗೆ ಮೊಂಡುತನ ಅನಿಸುತ್ತದೆ. ಅಂಥವರಿಗೆ ಮೂರು ಪುಟದ ಎಚ್ಚರಿಕೆ ಪತ್ರ ಕೊಡುವುದು ಅಂದರೆ ಕಾಲು ಮುರಿದವರಿಗೆ ಮೆಟ್ಟಿಲು ಹತ್ತಿಲ್ಲ ಅಂತ ನೋಟಿಸ್ ಕೊಟ್ಟ ಹಾಗೆ. ನಿಮ್ಮ ಮೂರು ಪತ್ರಗಳನ್ನು ಅವರು ಓದಿದ್ದಾರಾ? ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಿದ್ದಾರಾ? ಇಲ್ಲ ಅಂದರೆ ಎಚ್ಚರಿಕೆ ಕೊಟ್ಟೆವು ಅನ್ನುವುದು ಫೈಲಿನ ಮಟ್ಟಿಗೆ ನಿಜ, ಅಷ್ಟೇ. ಮಿದುಳಿನ ಪೆಟ್ಟಿನ ನಂತರದ ಪರೀಕ್ಷೆ ಹಿಂದೆ ಆಗಿದೆಯಾ ವಿಚಾರಿಸಿ, ಆಗಿಲ್ಲದಿದ್ದರೆ ನ್ಯೂರೋ ಸೈಕಾಲಜಿಸ್ಟ್ ಹತ್ತಿರ ಕಳಿಸಲು ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಮಾಡಬಹುದಾದದ್ದು ಸರಳ: ಒಂದು ಸಲಕ್ಕೆ ಒಂದೇ ವಿಷಯ, ಚಿಕ್ಕ ವಾಕ್ಯ, ಬಾಗಿಲ ಒಳಬದಿಗೆ ದೊಡ್ಡ ಅಕ್ಷರದ ಒಂದು ಹಾಳೆ. ಅಪಾಯಿಂಟ್‌ಮೆಂಟ್ ಇದ್ದರೆ ಹಿಂದಿನ ದಿನ ಹೇಳಿ, ಬೆಳಿಗ್ಗೆ ಮತ್ತೆ ಹೇಳಿ, ಹೊತ್ತಿಗೆ ಸರಿಯಾಗಿ ಜೊತೆಗೇ ಹೋಗಿ. ನೆನಪಿಸಿ ಬಿಡುವುದು ಸಾಲದು.

ಈಗ ರಾತ್ರಿಯ ಕೂಗಾಟ. ನಿಮ್ಮ ಲಾಗ್ ಬುಕ್‌ನಲ್ಲಿ ಏನು ಬರೆದಿರುತ್ತಾರೆ ಅಂತ ಊಹಿಸಬಲ್ಲೆ: "ರಾತ್ರಿ ಕುಡಿದು ಗಲಾಟೆ ಮಾಡಿದರು, ಆಕ್ರಮಣಕಾರಿ ವರ್ತನೆ, ಬುದ್ಧಿ ಹೇಳಲಾಯಿತು." ಇದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಹೀಗೆ ಬರೆದರೆ ನೋಡಿ: "2.40ಕ್ಕೆ ಕೂಗು ಕೇಳಿಸಿತು. ಹಾಸಿಗೆಯ ಅಂಚಿಗೆ ಕೂತಿದ್ದರು, ಅಂಗಿ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು, ನನ್ನ ಹೆಸರು ನೆನಪಾಗಲಿಲ್ಲ. ರಾತ್ರಿ ಊಟದ ತಟ್ಟೆ ಹಾಗೇ ಇತ್ತು. ಬೈದರು. 3.15ಕ್ಕೆ ಸುಮ್ಮನಾದರು." ಎರಡನೆಯದನ್ನು ಓದಿದ ಯಾವ ನರ್ಸ್ ಆದರೂ ಮೊದಲು ಕೇಳುವುದು ಶುಗರ್ ಎಷ್ಟಿತ್ತು ಅಂತ.

ಯಾಕಂದರೆ ಇನ್ಸುಲಿನ್ ಮತ್ತು ಮದ್ಯ ಸೇರಿದರೆ, ಅದೂ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಇದ್ದರೆ, ರಾತ್ರಿ ಶುಗರ್ ಇಳಿಯುವುದು ತುಂಬ ಸುಲಭ. ಲಿವರ್ ಮದ್ಯವನ್ನು ಕರಗಿಸುವುದರಲ್ಲೇ ಮುಳುಗಿರುತ್ತದೆ, ರಕ್ತಕ್ಕೆ ಸಕ್ಕರೆ ಬಿಡುವ ಕೆಲಸ ಹಿಂದೆ ಬೀಳುತ್ತದೆ. ಕುಡಿದ ಎಷ್ಟೋ ಗಂಟೆ ಆದ ಮೇಲೂ ಹೀಗಾಗಬಹುದು. ಬೆವರು, ನಡುಕ, ತೊದಲು ಮಾತು, ಗೊಂದಲ, ಸಿಟ್ಟು: ಶುಗರ್ ಇಳಿದವರು ಥೇಟ್ ಕುಡಿದವರ ಥರವೇ ಕಾಣುತ್ತಾರೆ. ಬಾಯಲ್ಲಿ ವಾಸನೆಯೂ ಇದ್ದರಂತೂ ಯಾರೂ ಮೀಟರ್ ತೆಗೆಯುವುದಿಲ್ಲ, "ಮಲಗಲಿ ಬಿಡಿ, ಇಳಿಯುತ್ತೆ" ಅಂತಾರೆ. ಹೀಗೆ ಮಲಗಿದವರು ಏಳದೇ ಇರಬಹುದು. ಆದ್ದರಿಂದ ರಾತ್ರಿ ಪಾಳಿಯವರಿಗೆ ಒಂದು ನಿಯಮ: ಕೂಗಾಟ ಆದರೆ, ಅವರು ಒಪ್ಪಿದರೆ, ಮೊದಲು ಶುಗರ್ ನೋಡುವುದು. 70ಕ್ಕಿಂತ (mg/dL) ಕಡಿಮೆ ಇದ್ದು ಎಚ್ಚರ ಇದ್ದರೆ, ನುಂಗಲು ಆಗುತ್ತಿದ್ದರೆ, ಗ್ಲೂಕೋಸ್ ಅಥವಾ ಸಿಹಿ ಪಾನೀಯ ಕೊಟ್ಟು ಹದಿನೈದು ನಿಮಿಷಕ್ಕೆ ಮತ್ತೆ ನೋಡುವುದು. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕದೆ ಆಂಬ್ಯುಲೆನ್ಸ್ ಕರೆಯುವುದು. ಇದನ್ನು ಡಾಕ್ಟರ್ ಹತ್ತಿರ ಬರೆಸಿಕೊಂಡು ಗೋಡೆಗೆ ಅಂಟಿಸಿ. ಇನ್ಸುಲಿನ್ ಪ್ರಮಾಣ, ಹೊತ್ತು ಬದಲಿಸಬೇಕಾ ಅನ್ನುವುದನ್ನೂ ಅವರೇ ಹೇಳಬೇಕು.

ಶುಗರ್ ಸರಿ ಇದ್ದೂ ಕೂಗುತ್ತಿದ್ದರೆ ಬೇರೆ ದಾರಿ ಹುಡುಕಬೇಕು. ಸಂಜೆ ಬೇಗ ಕುಡಿದು ಮುಗಿಸಿ ಬೆಳಗಿನ ಜಾವಕ್ಕೆ ಇಳಿಯುವಾಗ ನಡುಕ ಬರುತ್ತಿದೆಯಾ? ಕಿವಿಯಲ್ಲಿ ಧ್ವನಿ ಜಾಸ್ತಿಯಾಗುತ್ತಿದೆಯಾ? ಕೆಟ್ಟ ಕನಸಾ? ಪಕ್ಕದವರ ಟಿವಿ ಸದ್ದಾ? ಎರಡು ವಾರ ಗಂಟೆ ಸಮೇತ, ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ಯಾರು ಏನು ಮಾಡಿದರು ಅಂತ ಬರೆದಿಡಿ. ಸಾಮಾನ್ಯವಾಗಿ ಅಷ್ಟರಲ್ಲಿ ಏನಾದರೊಂದು ಜಾಡು ಸಿಗುತ್ತದೆ. ನಡಿಗೆ ತೂರಾಡುವುದು, ಕಣ್ಣು ಅತ್ತಿತ್ತ ಅದುರುವುದು, ಗೊಂದಲ ಜಾಸ್ತಿಯಾಗುವುದು ಕಂಡರೆ ಕಾಯಬೇಡಿ. ತುಂಬ ದಿನ ಕುಡಿದವರಲ್ಲಿ ವಿಟಮಿನ್ ಬಿ1 ಕೊರತೆಯಿಂದ ಮಿದುಳಿಗೆ ಏಟು ಬೀಳುತ್ತದೆ, ಬೇಗ ಚಿಕಿತ್ಸೆ ಸಿಕ್ಕರೆ ಉಳಿಸಿಕೊಳ್ಳಬಹುದು.

ಮಾನಸಿಕ ಕಾಯಿಲೆಯ ಹಣೆಪಟ್ಟಿ ಇದ್ದರೆ ದೇಹದ ತೊಂದರೆಯೂ ಅದರ ಖಾತೆಗೇ ಜಮೆಯಾಗಿಬಿಡುತ್ತದೆ. ಹೊಟ್ಟೆನೋವು ಅಂದರೆ ಭ್ರಮೆ, ಸುಸ್ತು ಅಂದರೆ ಸೋಮಾರಿತನ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ದೊಡ್ಡ ಪಾಲು ಹೃದಯ, ಶುಗರ್, ಶ್ವಾಸಕೋಶದಂಥ ಮಾಮೂಲಿ ಕಾಯಿಲೆಗಳದ್ದೇ. ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ನೀವು ಬರೆದಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಆಗಿದ್ದರೆ ಎರಡು ಮಾತು ನೆನಪಿಡಿ. ಒಂದು, ಮಲಬದ್ಧತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದರಿಂದ ಜೀವ ಹೋಗಿದ್ದಿದೆ. ಎರಡು, ಸಿಗರೇಟು. ಸಿಗರೇಟಿನ ಹೊಗೆ ಈ ಮಾತ್ರೆಯನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತದೆ. ಹಾಗಾಗಿ ಅವರು ತಟಕ್ಕನೆ ಸಿಗರೇಟು ಬಿಟ್ಟರೆ, ಅಥವಾ ಸೇದಲು ಬಿಡದ ಆಸ್ಪತ್ರೆಗೆ ಸೇರಿದರೆ, ಅದೇ ಪ್ರಮಾಣದ ಮಾತ್ರೆ ರಕ್ತದಲ್ಲಿ ಏರಿಬಿಡುತ್ತದೆ. ವಿಪರೀತ ಮಂಪರು, ಫಿಟ್ಸ್ ಬರಬಹುದು. ಡಾಕ್ಟರಿಗೆ ಹೇಳದೆ ಯಾರೂ "ಸಿಗರೇಟು ಬಿಡಿಸಿದೆವು" ಅಂತ ಬೀಗಬಾರದು.

ಇಷ್ಟೆಲ್ಲ ಮಾಡಲು ಅವರು ಬಾಗಿಲು ತೆಗೆಯಬೇಕಲ್ವಾ? ಒಮ್ಮೆ ಅವರ ಕಡೆಯಿಂದ ನೋಡಿ. ಆ ಬಾಗಿಲು ಬಡಿದವರೆಲ್ಲ ಇಷ್ಟು ದಿನ ಮೂರೇ ಕಾರಣಕ್ಕೆ ಬಡಿದಿದ್ದಾರೆ: ಮಾತ್ರೆ, ದೂರು, ಬಾಕಿ. ಸ್ವಲ್ಪ ದಿನ ಈ ಮೂರೂ ಇಲ್ಲದೆ ಬಡಿಯಿರಿ. ಎರಡು ಸಲ ಮೆಲ್ಲಗೆ ತಟ್ಟಿ, ನಿಮ್ಮ ಹೆಸರು ಹೇಳಿ, "ಏನೂ ಆಗಿಲ್ಲ, ಸುಮ್ನೆ ನೋಡಿ ಹೋಗೋಣ ಅಂತ ಬಂದೆ. ಆರು ಗಂಟೆಗೆ ಮತ್ತೆ ಬರ್ತೀನಿ" ಅಂತ ಹೇಳಿ ಹೊರಟುಬಿಡಿ. ಉತ್ತರ ಬಂದಿಲ್ಲ ಅಂತ ಮತ್ತೆ ತಟ್ಟಬೇಡಿ. ಆರು ಅಂದರೆ ಆರಕ್ಕೇ ಹೋಗಿ, ಆರೂವರೆಗಲ್ಲ. ತೆಗೆದರೆ ಹೊಸ್ತಿಲ ಆಚೆಯೇ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಅವರು ಹೊರಗೆ ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಒಳಗಿನ ಕಸದ ಮೇಲೆ ಕಣ್ಣಾಡಿಸಬೇಡಿ, ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಒಳಗಿಂದ ಸದ್ದೇ ಇಲ್ಲ, ಯಾರೂ ಅವರನ್ನು ನೋಡಿಯೂ ಇಲ್ಲ ಅಂದರೆ ಮಾತು ಬೇರೆ. ಎಷ್ಟು ಹೊತ್ತು ಕಾಣದಿದ್ದರೆ ಒಳಗೆ ಹೋಗಿ ನೋಡಬೇಕು ಅನ್ನುವುದನ್ನು ಅವರ ಜೊತೆಗೇ, ಅವರು ಸಮಾಧಾನವಾಗಿರುವಾಗ ಮಾತಾಡಿ ಬರೆದಿಡಿ. ಇನ್ಸುಲಿನ್ ಮತ್ತು ಮದ್ಯ ಎರಡೂ ಇರುವಾಗ ಆ ಹೊತ್ತು ತೀರಾ ಉದ್ದ ಇರಬಾರದು.

ಕುಡಿತದ ಬಗ್ಗೆ ಉಪದೇಶ ನಿಲ್ಲಿಸಿ. ಅದು ಕೆಟ್ಟದ್ದು ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಕುಡಿದರೆ ನಿಮಗೆ ಏನು ಸಿಗುತ್ತೆ, ಏನು ಕಳೆದುಹೋಗುತ್ತೆ ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ. ನಿದ್ದೆಗೆ ಅನ್ನಬಹುದು, ಧ್ವನಿ ಕಮ್ಮಿಯಾಗುತ್ತೆ ಅನ್ನಬಹುದು. ಆಗ ನಿದ್ದೆಯ ಬಗ್ಗೆ ಡಾಕ್ಟರ್ ಜೊತೆ ಮಾತಾಡೋಣವಾ ಅಂತ ಮುಂದಕ್ಕೆ ಹೋಗಬಹುದು. ಅಲ್ಲಿಯವರೆಗೆ ಅಪಾಯ ಕಮ್ಮಿ ಮಾಡುವುದೇ ಕೆಲಸ: ಖಾಲಿ ಹೊಟ್ಟೆಯಲ್ಲಿ ಕುಡಿಯದಿರುವುದು, ಮಲಗುವ ಮೊದಲು ಏನಾದರೂ ತಿಂದು ಶುಗರ್ ನೋಡುವುದು, ಬೇರೆಯವರ ನಿದ್ದೆ ಮಾತ್ರೆಯನ್ನು ಮದ್ಯದ ಜೊತೆ ನುಂಗದಿರುವುದು, ಏಕೆಂದರೆ ಎರಡೂ ಸೇರಿದರೆ ಉಸಿರೇ ನಿಲ್ಲಬಹುದು.

ಇನ್ನು ನಿಮ್ಮ ಎರಡು ಪಂಗಡ. ಇದು ಇಂಥ ಪ್ರತಿ ಮನೆಯಲ್ಲೂ ಆಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಹಗಲಿನವರು ಕಟ್ಟುನಿಟ್ಟು, ರಾತ್ರಿಯವರು ಸಡಿಲ, ನಡುವೆ ಆ ಮನುಷ್ಯ ಯಾವುದನ್ನು ನಂಬಬೇಕು ತಿಳಿಯದೆ ಒದ್ದಾಡುತ್ತಾರೆ. ಆಮೇಲೆ "ನಮ್ಮ ನಮ್ಮಲ್ಲೇ ಜಗಳ ಹಚ್ಚುತ್ತಾರೆ" ಅಂತ ತಪ್ಪು ಅವರ ತಲೆಗೆ. ಒಂದೇ ಪುಟದ ಒಂದು ಯೋಜನೆ ಮಾಡಿ, ಪುಟ ಮಗುಚಬಾರದು. ಅವರಿಗೆ ಸಿಟ್ಟು ಏರುವುದಕ್ಕೆ ಮೊದಲು ಏನು ಕಾಣುತ್ತದೆ, ಆಗ ಏನು ಹೇಳಬೇಕು, ಏನು ಹೇಳಬಾರದು, ಯಾವಾಗ ಹಿಂದೆ ಸರಿಯಬೇಕು, ಯಾವಾಗ ಸಹಾಯಕ್ಕೆ ಕರೆಯಬೇಕು. ಬರೆಯುವಾಗ ಅವರನ್ನೂ ಕೂರಿಸಿಕೊಳ್ಳಿ. "ನನ್ನ ಹೆಗಲು ಮುಟ್ಟಬೇಡಿ" ಅನ್ನುವಂಥ ಒಂದು ಸಾಲು ಅವರೇ ಹೇಳಿದರೆ ಅದು ಉಳಿದ ಹತ್ತು ಸಾಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಆ ಪುಟವನ್ನು ಒಪ್ಪದ ಸಿಬ್ಬಂದಿ ಮೀಟಿಂಗ್‌ನಲ್ಲಿ ಜಗಳ ಆಡಲಿ, ಪರವಾಗಿಲ್ಲ. ಪಾಳಿಯಲ್ಲಿ ಮಾತ್ರ ಪುಟದ ಪ್ರಕಾರವೇ ನಡೆಯಬೇಕು.

ಅವರು ಬರೀ ಒಬ್ಬ ಸಿಬ್ಬಂದಿಯ ಮಾತು ಕೇಳುತ್ತಾರೆ ಅಂತಾದರೆ ಅದನ್ನು ಅಸೂಯೆಯಿಂದ ನೋಡಬೇಡಿ, ಹಾಗಂತ ಎಲ್ಲ ಭಾರವನ್ನೂ ಆ ಸಿಬ್ಬಂದಿಯ ಮೇಲೇ ಹೊರಿಸಬೇಡಿ. ಅವರು ರಜೆ ಹೋದ ವಾರವೇ ಎಲ್ಲ ಕುಸಿಯುತ್ತದೆ. ಅವರ ಜೊತೆಗೇ ಇನ್ನೊಬ್ಬರನ್ನು ಪರಿಚಯ ಮಾಡಿಸುತ್ತಾ ಬನ್ನಿ. ರಾತ್ರಿ ಬೈಗುಳ ತಿಂದವರಿಗೆ ಬೆಳಿಗ್ಗೆ ಹತ್ತು ನಿಮಿಷ ಕೂತು ಹೇಳಿಕೊಳ್ಳಲು ಯಾರಾದರೂ ಇರಬೇಕು. ಇದಕ್ಕೆ ಸಮಯ ಇಲ್ಲ ಅನ್ನುವ ಕಡೆ ಸಿಬ್ಬಂದಿಯೇ ನಿಲ್ಲುವುದಿಲ್ಲ, ಪ್ರತಿ ಹೊಸ ಮುಖಕ್ಕೂ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ಕೋಣೆಯ ಕಸದ ಬಗ್ಗೆ ಒಂದೇ ಮಾತು: ಅವರಿಲ್ಲದಾಗ ನುಗ್ಗಿ ಗುಡಿಸಬೇಡಿ, ನಂಬಿಕೆ ಅಲ್ಲಿಗೇ ಮುಗಿಯುತ್ತದೆ. ಬೆಂಕಿಯ ಅಪಾಯ ಮೊದಲು. ಬಾಗಿಲಿನಿಂದ ಹಾಸಿಗೆವರೆಗೆ ದಾರಿ, ಸ್ವಿಚ್ ಬೋರ್ಡ್ ಸುತ್ತ ಜಾಗ, ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬ. ಸಿಗರೇಟು ಸೇದುತ್ತಿದ್ದರೆ ಹೊಗೆ ಅಲಾರಂ ಕೆಲಸ ಮಾಡುತ್ತಿದೆಯಾ ಅಂತಲೂ ನೋಡಿ. ಉಳಿದದ್ದು ವಾರಕ್ಕೊಂದು ಚೀಲದಂತೆ, ಅವರ ಜೊತೆಯಲ್ಲೇ.

ಬಾಡಿಗೆಯದು ನಿಜಕ್ಕೂ ಮನೆಯ ವಿಷಯ, ಅದರಲ್ಲಿ ಗಟ್ಟಿಯಾಗಿಯೇ ಇರಿ. ಆದರೆ ಕೊಡುವ ದಾರಿ ಸುಲಭ ಮಾಡಿ. ದುಡ್ಡು ಬರುವ ದಿನವೇ ಬ್ಯಾಂಕಿನಿಂದ ತಾನಾಗಿ ಕಟ್ ಆಗುವಂತೆ ಮಾಡಲು ಅವರು ಒಪ್ಪುತ್ತಾರಾ ಕೇಳಿ. ಹಳೇ ಬಾಕಿಗೆ ಸಣ್ಣ ಕಂತು. ಅವರ ದುಡ್ಡನ್ನು ಬೇರೆ ಯಾರಾದರೂ ಕಿತ್ತುಕೊಳ್ಳುತ್ತಿದ್ದಾರಾ ಅಂತಲೂ ಸೂಕ್ಷ್ಮವಾಗಿ ನೋಡಿ. ಕುಡಿಯುವ, ಒಂಟಿಯಾಗಿರುವ ಮನುಷ್ಯರ ಕೋಣೆಗೆ "ಗೆಳೆಯರು" ಬಂದು ಝಂಡಾ ಹೂಡುವುದು ಅಪರೂಪವಲ್ಲ. ಬಾಕಿ ಬೆಳೆಯುವುದು, ಕಸ ಬೆಳೆಯುವುದು, ಬಾಗಿಲು ತೆಗೆಯದಿರುವುದು, ಮೂರೂ ಒಟ್ಟಿಗೆ ಇದ್ದರೆ ನನಗೆ ಆ ಅನುಮಾನ ಬಂದೇ ಬರುತ್ತದೆ.

ಪಕ್ಕದ ಕೋಣೆಯವರಿಗೆ ಬರೋಣ. ಅವರಿಗೂ ಅದು ಮನೆಯೇ. "ಅವರಿಗೆ ಹುಷಾರಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಅಂತ ಹೇಳಿ ಕಳಿಸಿದರೆ ಅನ್ಯಾಯ. ಅವರ ಭಯವನ್ನೂ ಗಂಟೆ ಸಮೇತ ಬರೆದುಕೊಳ್ಳಿ, ಬೇಕಿದ್ದರೆ ಕೋಣೆ ಬದಲಿಸಿ ಕೊಡಿ, ರಾತ್ರಿ ಯಾರನ್ನು ಕರೆಯಬೇಕು ಹೇಳಿ, ಕರೆದಾಗ ಬನ್ನಿ. ಒಬ್ಬರ ಕಾಯಿಲೆಯ ವಿವರ ಮಾತ್ರ ಇನ್ನೊಬ್ಬರಿಗೆ ಹೇಳುವಂತಿಲ್ಲ. ಕೈ ಮಾಡಿದರೆ, ಬೆದರಿಸಿದರೆ ಅದಕ್ಕೆ ಎಲ್ಲರಿಗೂ ಒಂದೇ ನಿಯಮ, ಪೊಲೀಸರನ್ನು ಕರೆಯಬೇಕಾದರೆ ಕರೆಯಬೇಕು. ಅಷ್ಟೆಲ್ಲ ಮಾಡಿದ ಮೇಲೂ ಎಂಟು ಜನರ ನಡುವಿನ ಬದುಕು ಈ ನಿವಾಸಿಗೆ ಆಗುವುದಿಲ್ಲ ಅಂತ ಗೊತ್ತಾಗಬಹುದು. ಕೆಲವರಿಗೆ ಹಂಚಿಕೊಂಡ ಮನೆಯೇ ಹಿಂಸೆ. ಆಗ ಒಂಟಿ ಮನೆ, ಹೊರಗಿನಿಂದ ಬರುವ ಸಿಬ್ಬಂದಿ, ಇದು ಸರಿಯಾದ ದಾರಿ. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 19ನೇ ವಿಧಿ, ಎಲ್ಲಿ ಮತ್ತು ಯಾರ ಜೊತೆ ಬದುಕಬೇಕು ಅನ್ನುವ ಆಯ್ಕೆ ಅವರದ್ದೂ ಹೌದು ಎನ್ನುತ್ತದೆ. ಹಾಗಾಗಿ ಅವರನ್ನೇ ಕೇಳಿ. ಯಾರೂ ಇದುವರೆಗೆ ಕೇಳಿರಲಿಕ್ಕಿಲ್ಲ.

ಮ್ಯಾನೇಜರ್ ಹತ್ತಿರ ಹೀಗೆ ಹೇಳಿ: ನೋಟಿಸನ್ನು ಮೂರು ತಿಂಗಳು ಮುಂದೂಡೋಣ, ಅಷ್ಟರಲ್ಲಿ ಈ ವಾರವೇ ಡಾಕ್ಟರ್‌ಗೆ ಶುಗರ್ ಮತ್ತು ಕುಡಿತದ ವಿಷಯ ಬರೆದು ತಿಳಿಸುತ್ತೇನೆ, ನಿವಾಸಿಯ ಒಪ್ಪಿಗೆ ಪಡೆದು ಮನೋವೈದ್ಯರು, ಶುಗರ್ ನರ್ಸ್, ನಾವು ಎಲ್ಲ ಒಂದೇ ಮೇಜಿಗೆ ಕೂರುವ ಸಭೆ ಕರೆಯುತ್ತೇನೆ. ಕರೆಯುವವರು ಯಾರು ಅಂತ ಹೆಸರು ಹಾಕಿಯೇ ಬರೆಯಿರಿ, ಇಲ್ಲದಿದ್ದರೆ ಎಲ್ಲರೂ ಇನ್ನೊಬ್ಬರು ಕರೆಯುತ್ತಾರೆ ಅಂತ ಕಾಯುತ್ತಾರೆ. ಮೂರು ತಿಂಗಳ ಕೊನೆಗೆ ಕುಡಿತ ಬಿಟ್ಟರಾ ಅಂತ ನೋಡಬೇಡಿ. ಎಷ್ಟು ರಾತ್ರಿ ನಿಶ್ಶಬ್ದವಾಗಿತ್ತು, ಎಷ್ಟು ಸಲ ಬಾಗಿಲು ತೆಗೆದರು, ಬಾಡಿಗೆ ಎಷ್ಟು ಬಂತು, ಎಷ್ಟು ಸಲ ಆಸ್ಪತ್ರೆಗೆ ಓಡಬೇಕಾಯಿತು, ಪಕ್ಕದವರು ಏನಂದರು, ಇವನ್ನು ನೋಡಿ. ಲಾಗ್ ಬುಕ್ ಸರಿಯಾಗಿ ಬರೆದಿದ್ದರೆ ಇದಕ್ಕೆಲ್ಲ ಉತ್ತರ ಅದರಲ್ಲೇ ಇರುತ್ತದೆ. ಏನೂ ಬದಲಾಗಿಲ್ಲ ಅಂದರೆ ಆ ಎರಡು ವಾರದ ರಾತ್ರಿ ಪುಟಗಳನ್ನು, ಹೆಸರು ತೆಗೆದು, ನನಗೆ ಕಳಿಸಿ.